ಎದುರಿನ ಕಾರಿನವರು ಫೋನ್ ಎತ್ತುತ್ತಿಲ್ಲ, ಮುಂದೇನು?

ಪ್ರಶ್ನೆ: ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುತ್ತಿದ್ದಾಗ, ತಿರುವೊಂದರಲ್ಲಿ ಇಳಿದು ಬಂದ ಗೋವಾ ನೋಂದಣಿಯ ಕಾರು ನಮ್ಮ ಕಾರಿನ ಬಲಬದಿಗೆ ಹೊಡೆಯಿತು. ಅದರ ಚಾಲಕರು ತಪ್ಪು ತಮ್ಮದೆಂದು ಒಪ್ಪಿ, ಪೊಲೀಸರವರೆಗೆ ಹೋಗುವುದು ಬೇಡವೆಂದು ಕೇಳಿಕೊಂಡು, ಮೊಬೈಲಿನಿಂದಲೇ 5,000 ರೂಪಾಯಿ ಕಳಿಸಿದರು. ಗ್ಯಾರೇಜಿನವರ ಅಂದಾಜು ಈಗ 62,000 ರೂಪಾಯಿ. ಆ ಚಾಲಕರು ಫೋನ್ ಎತ್ತುತ್ತಿಲ್ಲ. ಅವರ ವಿಮಾ ಕಂಪನಿಯವರು ತಮ್ಮ ಗ್ರಾಹಕರಿಂದ ಯಾವ ಮಾಹಿತಿಯೂ ಬಂದಿಲ್ಲ ಎನ್ನುತ್ತಾರೆ. ನಮ್ಮದು ಫುಲ್ ಇನ್ಶೂರೆನ್ಸ್. ಆದರೆ ಕ್ಲೇಮ್ ಮಾಡಿದರೆ ಶೇ. 35ರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆಂದು ಹಿಂಜರಿಯುತ್ತಿದ್ದೇನೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿಯ ಮಣಿಕಟ್ಟಿನ ಮೂಳೆ ಮುರಿದಿರುವುದು ಆಮೇಲೆ ಎಕ್ಸ್‌ರೇಯಲ್ಲಿ ತಿಳಿಯಿತು. ಘಟನೆ ನಡೆದು ಎರಡು ವಾರವಾಗಿದೆ.
– ಓದುಗರು, ಶಿರಸಿ

ಉತ್ತರ: ಕಾರಿನ ರಿಪೇರಿ ಮತ್ತು ನಿಮ್ಮ ಪತ್ನಿಯ ಗಾಯ, ಇವೆರಡನ್ನೂ ಮೊದಲು ಬೇರೆಬೇರೆ ಮಾಡಿಕೊಳ್ಳಿ. ಕಾರಿನ ಹಣಕ್ಕೆ ನಿಮ್ಮದೇ ವಿಮಾ ಕಂಪನಿಯನ್ನು ಕೇಳಬೇಕು, ಗಾಯದ ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಎದುರಿನವರ ಕಂಪನಿಯ ಕಚೇರಿಗೆ ಅಲೆದು ಪ್ರಯೋಜನವಿಲ್ಲ. ತಮ್ಮ ಗ್ರಾಹಕರಿಂದ ವರದಿಯಾಗಲಿ, ನ್ಯಾಯಮಂಡಳಿಯಿಂದ ನೋಟಿಸಾಗಲಿ ಬಾರದೆ ಅವರು ಹಣ ಬಿಚ್ಚುವುದು ಅಪರೂಪ.

ಆ ಚಾಲಕರು ಮೌನವಾಗಿರುವುದಕ್ಕೆ ದುರ್ಬುದ್ಧಿಯೊಂದೇ ಕಾರಣವಾಗಿರಬೇಕಿಲ್ಲ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುವುದಾಗಿ ಮಾತು ಕೊಡಬಾರದು ಎಂಬ ಷರತ್ತು ನಮ್ಮಲ್ಲಿನ ಮೋಟಾರು ಪಾಲಿಸಿಗಳಲ್ಲಿದೆ. ಘಟ್ಟದ ಅಂಚಿನಲ್ಲಿ ನಿಂತು ಉದಾರವಾಗಿ ಮಾತಾಡಿದವರು ಮನೆಗೆ ಹೋಗಿ ಯಾರನ್ನೋ ಕೇಳಿದ ಮೇಲೆ ಬಾಯಿ ಬಿಗಿಹಿಡಿಯುವುದು ಹೊಸತೇನಲ್ಲ. ಆದರೆ ಅವರು ಕಳಿಸಿದ 5,000 ರೂಪಾಯಿ ನಿಮಗೆ ಒಳ್ಳೆಯ ಸಾಕ್ಷ್ಯ: ಹೆಸರು, ದಿನಾಂಕ, ವೇಳೆ ಎಲ್ಲವೂ ಆ ವ್ಯವಹಾರದ ದಾಖಲೆಯಲ್ಲಿರುತ್ತದೆ. ಅದನ್ನು ತೆಗೆದಿಡಿ, ನಿಮ್ಮ ಕಂಪನಿಗೆ ತಿಳಿಸಿ, ಮುಚ್ಚಿಡಬೇಡಿ. ‘ಪೂರ್ಣ ಮತ್ತು ಅಂತಿಮ ಪರಿಹಾರ ಪಡೆದಿದ್ದೇನೆ’ ಎಂದು ಎಲ್ಲಾದರೂ ಬರೆದುಕೊಟ್ಟಿದ್ದರೆ ಮಾತ್ರ ತೊಡಕಾಗುತ್ತದೆ. ಹಾಗೆ ಬರೆದುಕೊಟ್ಟಿರುವುದು ನಿಮ್ಮ ಪತ್ರದಲ್ಲಿಲ್ಲ. ಇಬ್ಬರಿಗೂ ಸಾಲುವಷ್ಟು ಅಗಲವಿಲ್ಲದ ಘಟ್ಟದ ದಾರಿಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ಸಂಚಾರ ನಿಯಮವೂ ಇರುವುದರಿಂದ, ತಿರುವಿನ ಫೋಟೊಗಳಿದ್ದರೆ ಅವೂ ಉಪಯೋಗಕ್ಕೆ ಬರುತ್ತವೆ.

ನಿಮ್ಮ ಕಂಪನಿಗೆ ಇಂದೇ ಬರಹದಲ್ಲಿ ತಿಳಿಸಿ, ವಿಳಂಬದ ಕಾರಣವನ್ನು ಇದ್ದದ್ದಿದ್ದಂತೆ ಬರೆಯಿರಿ. ತಡವಾಯಿತೆಂಬ ಒಂದೇ ನೆಪದಿಂದ ನಿಜವಾದ ಕ್ಲೇಮನ್ನು ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಹಾನಿ ಅಂದಾಜಿಸುವ ಸರ್ವೇಯರ್ ಬಂದು ನೋಡುವ ತನಕ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚದಿರಲಿ. 62,000 ರೂಪಾಯಿ ಪೂರ್ತಿಯಾಗಿ ಕೈಗೆ ಬರುವುದಿಲ್ಲ: ಝೀರೋ ಡೆಪ್ರಿಸಿಯೇಷನ್ (ಸವಕಳಿಯ ಕಡಿತವಿಲ್ಲದಂತೆ ಮಾಡುವ ಹೆಚ್ಚುವರಿ ರಕ್ಷಣೆ) ಸೇರಿಸಿರದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ, ಬಾಗಿಲಿನಂಥ ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ತಕ್ಕಂತೆ ಕಡಿತವಿದೆ, ಗಾಜಿಗೆ ಕಡಿತವಿಲ್ಲ. 1,500 ಸಿಸಿಯೊಳಗಿನ ಕಾರಾದರೆ ಮೊದಲ 1,000 ರೂಪಾಯಿಯನ್ನು ನೀವೇ ಭರಿಸಬೇಕು.

ಬೋನಸ್ಸಿನ ಭಯವನ್ನು ಲೆಕ್ಕ ಹಾಕಿ ನೋಡೋಣ. ಬೋನಸ್ ಸಿಗುವುದು ಸ್ವಂತ ಹಾನಿಯ ಪ್ರೀಮಿಯಮ್ಮಿನ ಮೇಲೆ ಮಾತ್ರ, ಎದುರಿನವರ ಹಾನಿಗಾಗಿ ಕಟ್ಟುವ ಥರ್ಡ್ ಪಾರ್ಟಿ ಕಂತಿನ ಮೇಲಲ್ಲ. ಆ ಪ್ರೀಮಿಯಂ ವರ್ಷಕ್ಕೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಕ್ಲೇಮ್ ಮಾಡದಿದ್ದರೆ ಮುಂದಿನ ನವೀಕರಣದಲ್ಲಿ ಶೇ. 45, ಅನಂತರ ಶೇ. 50 ರಿಯಾಯಿತಿ ಸಿಗುತ್ತಿತ್ತು. ಕ್ಲೇಮ್ ಮಾಡಿದರೆ ಸೊನ್ನೆಗಿಳಿದು 20, 25, 35, 45 ಎಂದು ಮತ್ತೆ ಮೆಟ್ಟಿಲೇರಬೇಕು. ಮೊದಲ ವರ್ಷ 4,050, ಎರಡನೆಯ ವರ್ಷ 2,700, ಹೀಗೆ ಐದು ನವೀಕರಣಗಳಲ್ಲಿ ಒಟ್ಟು ನಷ್ಟ 10,800 ರೂಪಾಯಿ. ಆರೇಳು ಸಾವಿರದ ಗೀರಿಗಾಗಿ ಕ್ಲೇಮ್ ಮಾಡಬೇಡಿ ಎಂದು ನಾನೇ ಹೇಳುತ್ತಿದ್ದೆ. ಇಷ್ಟು ದೊಡ್ಡ ರಿಪೇರಿಗೆ ಹಿಂಜರಿಯಲು ಕಾರಣ ಕಾಣುವುದಿಲ್ಲ. ಹಣ ಕೊಟ್ಟ ಮೇಲೆ ಎದುರಿನವರಿಂದ ಅದನ್ನು ವಸೂಲು ಮಾಡುವ ಹಕ್ಕು ನಿಮ್ಮ ಕಂಪನಿಗೆ ಸೇರುತ್ತದೆ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ. ಕಡಿತದಿಂದ ನಿಮ್ಮ ಕೈಬಿಟ್ಟ ಭಾಗವನ್ನು ಮಾತ್ರ ಎದುರಿನವರಿಂದ ಕೇಳಬಹುದು.

ಹೆಚ್ಚು ಆತುರ ಬೇಕಾದದ್ದು ನಿಮ್ಮ ಪತ್ನಿಯ ವಿಷಯದಲ್ಲಿ. ಘಟನೆ ನಡೆದ ಜಾಗ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ದೂರು ಕೊಡಿ. ದೂರು ತಡವಾದುದೇ ಪರಿಹಾರದ ಅರ್ಜಿಗೆ ಮಾರಕವಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ಎಕ್ಸ್‌ರೇಯ ನಂತರವೇ ಗಾಯ ತಿಳಿಯಿತೆಂಬುದನ್ನು ದೂರಿನಲ್ಲೇ ಬರೆಸಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನೀವು ವಾಸವಿರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದಾದ್ದರಿಂದ ಗೋವಾಕ್ಕೆ ಓಡಾಡಬೇಕಾಗಿಲ್ಲ. ಮೂಳೆ ಮುರಿತವು ಕಾನೂನಿನಲ್ಲಿ ತೀವ್ರ ಗಾಯವೇ. 164ನೇ ಕಲಮಿನಂತೆ ಯಾರ ತಪ್ಪೆಂದು ರುಜುವಾತು ಮಾಡದೆಯೇ ಎರಡೂವರೆ ಲಕ್ಷ ರೂಪಾಯಿ ಪಡೆಯುವ ದಾರಿಯಿದೆ. 166ನೇ ಕಲಮಿನಂತೆ ಹೋದರೆ ತಪ್ಪನ್ನು ತೋರಿಸಬೇಕು, ಪರಿಹಾರಕ್ಕೆ ಅಂಥ ನಿಗದಿಯಿಲ್ಲ. ಯಾವುದನ್ನು ಆರಿಸಬೇಕೆಂದು ವಕೀಲರೊಡನೆ ಕುಳಿತು ತೀರ್ಮಾನಿಸಿ. ನಮ್ಮ ಕಡೆ ಮೂಳೆ ಮುರಿದರೆ ನಾಟಿ ವೈದ್ಯರಲ್ಲಿಗೆ ಹೋಗುವವರು ಬಹಳ. ಹೋಗಿ, ಅಡ್ಡಿಯಿಲ್ಲ, ಆದರೆ ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿಲ್ಲುಗಳಿಲ್ಲದೆ ನ್ಯಾಯಮಂಡಳಿಯ ಮುಂದೆ ಕೈಚಾಚಲಾಗದು.

ಪ್ರಶ್ನೆ: ಮೀನು ಲಾರಿಯೊಂದು ಹಿಂದಕ್ಕೆ ಬರುತ್ತ, ನಿಲ್ಲಿಸಿದ್ದ ನನ್ನ ಕಾರಿನ ಮುಂಭಾಗವನ್ನು ಜಜ್ಜಿತು. ನನ್ನದು ಬರೀ ಥರ್ಡ್ ಪಾರ್ಟಿ ವಿಮೆ. ಯಾರಿಗೂ ಗಾಯವಿಲ್ಲ. ಹಣ ಎಲ್ಲಿಂದ ಬರಬೇಕು?
– ಓದುಗರು, ಕಾರವಾರ

ಉತ್ತರ: ನಿಮ್ಮ ಕಾರಿನ ಹಾನಿಗೆ ನಿಮ್ಮ ಪಾಲಿಸಿ ಏನೂ ಕೊಡುವುದಿಲ್ಲ. ಲಾರಿಯ ಚಾಲಕ, ಮಾಲೀಕ ಮತ್ತು ಅವರ ವಿಮಾ ಕಂಪನಿಯನ್ನು ಎದುರುದಾರರನ್ನಾಗಿಸಿ ಅದೇ ನ್ಯಾಯಮಂಡಳಿಯಲ್ಲಿ ಆಸ್ತಿ ಹಾನಿಗೂ ಅರ್ಜಿ ಹಾಕಬಹುದು. ಮಾಲೀಕರು ಕಂಪನಿಯ ಹೆಸರು ಹೇಳದಿದ್ದರೆ ನೋಂದಣಿ ಸಂಖ್ಯೆಯಿಂದ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ ಜಾರಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಠಾಣೆಯಲ್ಲಿ ಘಟನೆಯನ್ನು ದಾಖಲಿಸಿ, ರಿಪೇರಿಯ ಅಂದಾಜಿನೊಡನೆ ಮಾಲೀಕರಿಗೂ ಅವರ ಕಂಪನಿಗೂ ನೋಂದಾಯಿತ ಅಂಚೆಯಲ್ಲಿ ನೋಟಿಸು ಕಳಿಸಿ. ಹಾನಿ ಇಪ್ಪತ್ತು ಸಾವಿರದ ಆಸುಪಾಸಿನದಾದರೆ ಮಾಲೀಕರೊಡನೆ ಮಾತಾಡಿ, ಇಲ್ಲವೇ ಅರ್ಜಿ ಹಾಕಿದ ಮೇಲೆ ಲೋಕ ಅದಾಲತ್‌ನಲ್ಲಿ ರಾಜಿಯಾಗುವುದೇ ಮೇಲು; ರಾಜಿಯ ಹಣ ಖಾತೆಗೆ ಬಿದ್ದ ಮೇಲಷ್ಟೇ ಬಿಡುಗಡೆ ಪತ್ರಕ್ಕೆ ಸಹಿ ಹಾಕಿ.