ತೆಂಗಿನ ಮರ ಹತ್ತಲು ಯಂತ್ರ ಕೊಂಡರೆ ಆಳು ಬೇಕಾಗುವುದಿಲ್ಲವೇ?

ಗಂಗಾವತಿಯ ಬಳಿ ನಲವತ್ತು ತೆಂಗಿನ ಮರಗಳಿವೆ, ಹತ್ತುವವರು ಸಿಗುತ್ತಿಲ್ಲ, ಯಂತ್ರ ಸಾಕೇ ಎಂದು ಕೇಳಿದ್ದೀರಿ. ಕಾಯಿ ಇಳಿಸಲು ಸಾಕು. ಮರ ನೋಡಿಕೊಳ್ಳಲು ಸಾಲದು.

ಹೆಚ್ಚು ಬಳಕೆಯಲ್ಲಿರುವುದು ಕೇರಳದ ಚೆಂಬೇರಿ ಊರಿನ ಜೋಸೆಫ್ ರೂಪಿಸಿದ ಮಾದರಿ. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಎರಡರಲ್ಲೂ ಕಾಂಡವನ್ನು ಸುತ್ತುವ ಉಕ್ಕಿನ ಹಗ್ಗ. ಮೈಭಾರ ಬಿದ್ದ ಕಡೆ ಹಗ್ಗ ಬಿಗಿಯುತ್ತದೆ, ಕಾಲೆತ್ತಿದ ಕಡೆ ಸಡಿಲಾಗುತ್ತದೆ. ಹಾಗೆ ಒಂದೊಂದಾಗಿ ಮೇಲಕ್ಕೆ ಸರಿಸುತ್ತಾ ಹೋಗಬೇಕು. ಸೊಂಟದ ಸುರಕ್ಷತಾ ಪಟ್ಟಿ ಇಲ್ಲದೆ ದಯವಿಟ್ಟು ಹತ್ತಬೇಡಿ. ಮಳೆಗೆ ನೆನೆದ ಕಾಂಡವನ್ನಂತೂ ಮುಟ್ಟಲೇಬೇಡಿ.

ಆದರೆ ಯಂತ್ರದಲ್ಲಿ ನಿಂತವರು ಗರಿಗಳ ಕೆಳಗೇ ಉಳಿಯುತ್ತಾರೆ. ಕಾಲಿಗೆ ಹಗ್ಗದ ತಳೆ ಹಾಕಿ ಹತ್ತುವ ಅನುಭವಿ ತುದಿಯಲ್ಲಿ ಎಳೆಗರಿ ಮೂಡುವ ಸುಳಿಯ ಪಕ್ಕಕ್ಕೇ ಹೋಗಿ, ಒಣಗರಿ ಕಿತ್ತು, ದುಂಬಿ ಕೊರೆದ ತೂತು ಹುಡುಕುತ್ತಾನೆ. ನಮ್ಮ ತೋಟಕ್ಕೆ ಬರುವ ಹಿರಿಯರು ಮೇಲಿನಿಂದಲೇ, “ಗೌಡರೇ, ಕಾಯಿ ಎಣಿಸುವುದು ಆಮೇಲೆ, ಮೊದಲು ತಲೆ ಉಳಿಸಿಕೊಳ್ಳಿ!” ಎಂದು ಕೂಗುತ್ತಾರೆ. ಕೆಳಗಿರುವ ಅವರ ಮಗ, “ಅಪ್ಪಾ, ನೀನು ಮೊದಲು ಕಡಜದ ಗೂಡು ನೋಡಿಕೋ” ಎನ್ನುತ್ತಾನೆ. ಎಲ್ಲರೂ ನಗುತ್ತೇವೆ, ಆದರೂ ಆ ಎರಡು ಮಾತಿಗೂ ಗೊನೆ ಬೀಳುವ ಮುನ್ನ ಜಾಗ ಖಾಲಿಯಾಗಿರುತ್ತದೆ, ಮೇಲಿನ ಕೈ ಎಚ್ಚರವಾಗಿರುತ್ತದೆ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ತರಬೇತಿಯಲ್ಲಿ ಯಂತ್ರದ ಜೊತೆಗೆ ಸುಳಿಯ ಆರೈಕೆಯನ್ನೂ ಕಲಿಸುತ್ತಾರೆ. ಊರಿನ ಒಬ್ಬ ಯುವಕನಿಗೆ ಅದನ್ನು ಕಲಿಸಿ, ಯಂತ್ರವನ್ನು ಅವನ ಕೈಗೆ ಕೊಡಿ. ಮರದ ಹತ್ತಿರ ವಿದ್ಯುತ್ ತಂತಿ ಇದ್ದರೆ ಕೆಳಗಿನಿಂದ ಕಾಯಿ ಕೀಳುವ ಲೋಹದ ದೋಟಿಯನ್ನು (ಉದ್ದ ಕೋಲನ್ನು) ಎತ್ತಲೇಬೇಡಿ.