ಪ್ರತಿ: ಜಾರ್ಜ್ ಸ್ಕೊಲಾರಿಯೋಸ್, ಗೆನ್ನಾಡಿಯೋಸ್ ಇಬ್ಬರೂ ಒಬ್ಬರೇನಾ?

ಹದಿನೈದನೇ ಶತಮಾನದ ಈ ಗ್ರೀಕ್ ವಿದ್ವಾಂಸರ ಟೈಮ್‌ಲೈನ್ ಮಾಡುವಾಗ ನಿಮಗಾದ ಗೊಂದಲಕ್ಕೆ ಕಾರಣ ಹೆಸರಿನ ಬದಲಾವಣೆ. ಹೆಸರಿಗಿಂತ ಮೊದಲೇ ನಿಲುವೂ ಬದಲಾಗಿತ್ತು. ಪೂರ್ವದ ಆರ್ಥೊಡಾಕ್ಸ್ ಚರ್ಚ್ ರೋಮ್‌ನ ಕ್ಯಾಥೋಲಿಕ್ ಚರ್ಚ್ ಜೊತೆ ಒಂದಾಗಬೇಕು ಅಂದ ಜಾರ್ಜ್ ಒಂದು ಕಡೆ, ಅದನ್ನೇ ವಿರೋಧಿಸಿದ ಗೆನ್ನಾಡಿಯೋಸ್ ಇನ್ನೊಂದು ಕಡೆ ಸಿಕ್ಕರು ಅಂದಿರಿ ಅಲ್ವಾ, ಇಬ್ಬರೂ ಒಬ್ಬರೇ. ಹಿಂದೆ ಕೆಲವು ಪಂಡಿತರೂ ಇವರು ಬೇರೆ ಬೇರೆ ಎಂದು ವಾದಿಸಿದ್ದುಂಟು.

ನಿಮ್ಮ ಟೈಮ್‌ಲೈನ್‌ನಲ್ಲಿ ಮೊದಲು ಈ ಐಕ್ಯವನ್ನು ಚರ್ಚಿಸಿದ 1438-39ರ ಫೆರಾರಾ-ಫ್ಲಾರೆನ್ಸ್ ಸಭೆ ಹಾಕಿ. ಆಗ ಅವರಿಗೆ ದೀಕ್ಷೆ ಆಗಿರಲಿಲ್ಲ, ಕ್ಯಾಥೋಲಿಕ್ ಧರ್ಮಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ನನ್ನು ಲ್ಯಾಟಿನ್‌ನಲ್ಲೇ ಓದಿದ್ದ ವಿದ್ವಾಂಸ, ಐಕ್ಯದ ಪರ. ನಂತರ 1440ರ ದಶಕದ ನಡುವೆ, ಐಕ್ಯವನ್ನು ವಿರೋಧಿಸುತ್ತಿದ್ದ ಬಿಷಪ್ ಎಫೆಸಸ್‌ನ ಮಾರ್ಕ್ ಸಾಯುವ ಮುನ್ನ ವಿರೋಧದ ಹೊಣೆಯನ್ನು ಇವರಿಗೆ ಒಪ್ಪಿಸಿದ್ದು ಬರಲಿ. ಇದನ್ನು ಬಿಟ್ಟರೆ ಉಳಿದದ್ದು ಅರ್ಥವೇ ಆಗುವುದಿಲ್ಲ. ಸುಮಾರು 1450ರಲ್ಲಿ ಸನ್ಯಾಸಿಯಾದರು, ಗೆನ್ನಾಡಿಯೋಸ್ ಎಂಬ ಹೆಸರು ಬಂದದ್ದು ಆಗ.

ಆಮೇಲೆ 1453. ಕಾನ್‌ಸ್ಟಾಂಟಿನೋಪಲ್ ಬಿದ್ದಾಗ ಸೆರೆಯಾದರು, ಎಡಿರ್ನೆ ಕಡೆ ಒಯ್ದರು. ಊರು ಗೆದ್ದ ಆಟೊಮನ್ ಸುಲ್ತಾನ ಎರಡನೇ ಮೆಹ್ಮದನೇ ಅವರನ್ನು ಹುಡುಕಿಸಿ ಕರೆತಂದ, 1454ರ ಜನವರಿಯಲ್ಲಿ ಅವರು ಪೇಟ್ರಿಯಾರ್ಕ್, ಅಂದರೆ ಅಲ್ಲಿನ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥ, ಆದರು. ರೋಮ್‌ಗೆ ತಲೆಬಾಗದವರು ಅವನಿಗೆ ಬೇಕಿತ್ತು ಎಂಬುದು ನನಗೆ ಸರಿಯೆನಿಸುವ ವಿವರಣೆ.

ಪೀಠ ಬಿಟ್ಟ ಮೇಲೆ ಎಷ್ಟು ಸಲ ಮರಳಿದರು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ಅಲ್ಲಿ ಸುಮ್ನೆ ಒಂದು ಸಂಖ್ಯೆ ಬರೆಯಬೇಡಿ, ಪ್ರಶ್ನಾರ್ಥಕ ಚಿಹ್ನೆ ಹಾಕಿ. ಕೊನೆಯ ಸಾಲಿಗೆ ಗ್ರೀಸ್‌ನ ಸೆರ್ರೆಸ್ ಹತ್ತಿರದ ಪ್ರೊಡ್ರೋಮೋಸ್ ಮಠ: ಕೊನೆಯ ವರ್ಷಗಳನ್ನು ಅಲ್ಲೇ ಕಳೆದರು. ಅಕ್ವಿನಾಸ್ ಮೇಲಿನ ಗೌರವ ಮಾತ್ರ ಎಂದೂ ಹೋಗಲಿಲ್ಲ, ಅದನ್ನೂ ಸೇರಿಸಿ.