ಆಕಾಶದ ಚುಕ್ಕೆಗಳು ರ್‍ಯಾಂಡಮ್ ಅಂತ ಹೇಗೆ ಗೊತ್ತು?

ಪ್ರಶ್ನೆ: ಪ್ಲಾಂಕ್ ಉಪಗ್ರಹ ಕೊಟ್ಟ ಬ್ರಹ್ಮಾಂಡದ ಹಿನ್ನೆಲೆ ವಿಕಿರಣದ ಚಿತ್ರ ನೋಡಿದೆ. ಅದರ ಕೆಂಪು-ನೀಲಿ ಚುಕ್ಕೆಗಳು ರ್‍ಯಾಂಡಮ್ ಅಂತಾರೆ. ನನಗೆ ಮಾತ್ರ ಅಲ್ಲಿ ಉಂಗುರ, ಅಕ್ಷರ ಎಲ್ಲಾ ಕಾಣುತ್ತವೆ. ಇದನ್ನು ಹೇಗೆ ಪರೀಕ್ಷೆ ಮಾಡುತ್ತಾರೆ? (ಓದುಗರು, ಶಿವಮೊಗ್ಗ)

ಉತ್ತರ: ಅಕ್ಷರಗಳು ವಿಜ್ಞಾನಿಗಳಿಗೂ ಕಂಡಿವೆ. ಪ್ಲಾಂಕ್‌ಗಿಂತ ಮೊದಲಿನ ಡಬ್ಲ್ಯುಮ್ಯಾಪ್ ಉಪಗ್ರಹದ ನಕಾಶೆಯಲ್ಲಿ ಇಂಗ್ಲಿಷಿನ ಎಸ್ ಮತ್ತು ಎಚ್ ಕಾಣುತ್ತವೆ. ಸ್ಟೀಫನ್ ಹಾಕಿಂಗ್ ಹೆಸರಿನ ಮೊದಲಕ್ಷರಗಳು! ಆ ತಂಡದವರೇ ಇದನ್ನು ತಮ್ಮ ಪ್ರಬಂಧದಲ್ಲಿ ಎಚ್ಚರಿಕೆಯಾಗಿ ಕೊಟ್ಟಿದ್ದರು. ನಕಾಶೆ ನೋಡಿದ ಮೇಲೆ ವಿಚಿತ್ರ ಹುಡುಕಲು ಕೂತರೆ ಏನಾದರೊಂದು ಸಿಗುತ್ತದೆ. ನೂರು ಬೇರೆ ಬೇರೆ ಪರೀಕ್ಷೆ ಮಾಡಿದರೆ, ಶೇ 1ರಷ್ಟು ಸಾಧ್ಯತೆಯ ಫಲಿತಾಂಶ ಒಂದಾದರೂ ಸುಮ್ನೆ ಬಂದುಬಿಡಬಹುದು, ಅಲ್ವಾ?

ಹಿನ್ನೆಲೆ ವಿಕಿರಣ ಅಂದರೆ ಎಲ್ಲಾ ದಿಕ್ಕಿನಿಂದಲೂ ಬರುವ ಬಹಳ ಹಳೆಯ ಬೆಳಕು. ಅದು ಹೊರಟದ್ದು ಬ್ರಹ್ಮಾಂಡಕ್ಕೆ ಸುಮಾರು 3,80,000 ವರ್ಷ ವಯಸ್ಸಾಗಿದ್ದಾಗ. ಈಗ ಅದರ ಉಷ್ಣತೆ 2.725 ಕೆಲ್ವಿನ್. ದಿಕ್ಕಿನಿಂದ ದಿಕ್ಕಿಗೆ ಇರುವ ಏರುಪೇರು ಲಕ್ಷದಲ್ಲಿ ಒಂದು ಪಾಲಿನಷ್ಟು. ಕೆಂಪು-ನೀಲಿ ಚುಕ್ಕೆಗಳು ತೋರಿಸುವುದು ಇದನ್ನೇ. ಇಲ್ಲಿ ರ್‍ಯಾಂಡಮ್ ಅಂದರೆ ಒಂದು ಬಿಂದುವಿಗೂ ಪಕ್ಕದ ಬಿಂದುವಿಗೂ ಸಂಬಂಧವೇ ಇಲ್ಲ ಎಂದಲ್ಲ. ಕೆರೆಯ ನೀರಿನಲ್ಲಿ ಗಾಳಿ ಎಬ್ಬಿಸಿದ ಅಲೆ ನೋಡಿ. ಅಕ್ಕಪಕ್ಕದ ನೀರು ಒಟ್ಟಿಗೇ ಏರಿಳಿಯುತ್ತದೆ, ಆದರೂ ಮುಂದಿನ ಅಲೆ ಎಲ್ಲಿ ಏಳುತ್ತದೆ ಅಂತ ಹೇಳಲಾಗದು. ಆಗಿನ ಬಿಸಿ ಅನಿಲದಲ್ಲೂ ಶಬ್ದದ ಅಲೆಗಳಿದ್ದವು. ಅದಕ್ಕೇ ನಕಾಶೆಯಲ್ಲಿ ಸುಮಾರು ಒಂದು ಡಿಗ್ರಿ ಅಗಲದ ಮಚ್ಚೆಗಳು ಎದ್ದು ಕಾಣುತ್ತವೆ.

ಈ ಸಂಬಂಧವನ್ನು ಲೆಕ್ಕಕ್ಕೆ ತಗೊಳ್ಳದ ಪರೀಕ್ಷೆ ದಾರಿ ತಪ್ಪಿಸುತ್ತದೆ. 2010ರ ನವೆಂಬರ್‌ನಲ್ಲಿ ಭೌತವಿಜ್ಞಾನಿಗಳಾದ ರೋಜರ್ ಪೆನ್‌ರೋಸ್ ಮತ್ತು ವಾಹೆ ಗುರ್ಜಾದ್ಯಾನ್ ಒಂದು ದೊಡ್ಡ ವಾದ ಮುಂದಿಟ್ಟರು. ಉಷ್ಣತೆಯ ಏರುಪೇರು ತೀರಾ ಕಡಿಮೆ ಇರುವ ಉಂಗುರಗಳು, ಒಂದರೊಳಗೆ ಒಂದು, ಆಕಾಶದಲ್ಲಿವೆ. ಅವು ಮಹಾಸ್ಫೋಟಕ್ಕೂ ಹಿಂದಿನ ಗುರುತುಗಳು ಎಂದರು. ಕೆಲವೇ ವಾರಗಳಲ್ಲಿ ಮೂರು ಕಡೆಯವರು ಬೇರೆ ಬೇರೆಯಾಗಿ ಪರೀಕ್ಷಿಸಿದರು. ಚುಕ್ಕೆಗಳ ನಡುವಿನ ನಿಜವಾದ ಸಂಬಂಧವನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಆಕಾಶಗಳನ್ನು ಸೃಷ್ಟಿಸಿ ನೋಡಿದರೆ, ಅಂಥ ಉಂಗುರಗಳು ಅಲ್ಲೂ ಸಿಕ್ಕವು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಒಳ್ಳೆಯ ಪಾಠ ಇದು. ಉಂಗುರ ಇದೆಯಾ ಅಂತ ಕೇಳಿದರೆ ಸಾಲದು. ಮಾಮೂಲಿ ಆಕಾಶದಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಇದೆಯಾ ಅಂತ ಕೇಳಬೇಕು.

ಹೀಗೆ ಪರೀಕ್ಷಿಸಿದ ಮೂರು ಕಡೆಯವರಲ್ಲಿ ಒಬ್ಬರು ಅಮೀರ್ ಹಜಿಯಾನ್. ಅವರು ಪುಣೆಯ ಖಗೋಳವಿಜ್ಞಾನ ಸಂಸ್ಥೆ ಐಯುಕಾದಲ್ಲಿ ತರುಣ್ ಸೌರದೀಪ್ ಜೊತೆ ಕೆಲಸ ಮಾಡಿದವರು. ಎಲ್ಲಾ ದಿಕ್ಕಿನಲ್ಲೂ ಚುಕ್ಕೆಗಳ ಸ್ವಭಾವ ಒಂದೇನಾ ಅಂತ ಅಳೆಯುವ ವಿಧಾನವೊಂದನ್ನು ಇವರಿಬ್ಬರೂ 2003ರಲ್ಲಿ ಕೊಟ್ಟರು. ಸೌರದೀಪ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಇನ್ನೊಂದು ಪರೀಕ್ಷೆ ಮೂರು ಮೂರು ಬಿಂದುಗಳನ್ನು ಒಟ್ಟಿಗೆ ಹೋಲಿಸುತ್ತದೆ. ಏರುಪೇರು ಶುದ್ಧ ಗಾಸಿಯನ್ (ಸಂಖ್ಯಾಶಾಸ್ತ್ರದ ಗಂಟೆಯಾಕಾರದ ರೇಖೆಯಂತೆ ಹಂಚಿಕೆಯಾದದ್ದು) ಆಗಿದ್ದರೆ ಅದರಿಂದ ಬರುವ ಅಂಕಿ ಸೊನ್ನೆ ಇರಬೇಕು. ಪ್ಲಾಂಕ್‌ನ 2018ರ ದತ್ತಾಂಶದಲ್ಲಿ ಅಂಥ ಒಂದು ಮುಖ್ಯ ಅಂಕಿ ಮೈನಸ್ 0.9, ಅನಿಶ್ಚಿತತೆ 5.1. ಅಂದರೆ ಸೊನ್ನೆಗೆ ಚೆನ್ನಾಗಿಯೇ ಹೊಂದುತ್ತದೆ.

ಹಾಗಂತ ಎಲ್ಲಾ ಮುಗಿದಿಲ್ಲ. ಎರಿಡಾನಸ್ ನಕ್ಷತ್ರಪುಂಜದ ದಿಕ್ಕಿನಲ್ಲಿ ಸುಮಾರು 10 ಡಿಗ್ರಿ ಅಗಲದ ತಣ್ಣನೆ ಮಚ್ಚೆಯೊಂದಿದೆ. 2004ರಲ್ಲಿ ಡಬ್ಲ್ಯುಮ್ಯಾಪ್ ನಕಾಶೆಯಲ್ಲಿ ಗುರುತಿಸಿದ್ದು. ಪ್ಲಾಂಕ್‌ಗೂ ಅದು ಕಂಡಿದ್ದರಿಂದ ಉಪಕರಣದ ದೋಷ ಅನ್ನುವ ಹಾಗಿಲ್ಲ. ಇಡೀ ಆಕಾಶಕ್ಕೆ ಹರಡಿದ, ಅತಿ ದೊಡ್ಡ ಅಳತೆಯ ಎರಡು ಬಿಸಿ-ತಣ್ಣನೆ ವಿನ್ಯಾಸಗಳು ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಸಾಲುಗೂಡಿರುವುದೂ ವಿಚಿತ್ರವೇ. ತೊಂದರೆ ಏನಂದರೆ ನಮಗಿರುವುದು ಒಂದೇ ಆಕಾಶ. ಆ ಎರಡು ವಿನ್ಯಾಸಗಳಲ್ಲಿ ಹೆಚ್ಚು ದೊಡ್ಡ ಅಳತೆಯದನ್ನು ವಿವರಿಸಲು ಇರುವುದು ಬರೀ ಐದು ಸಂಖ್ಯೆಗಳು. ಇನ್ನಷ್ಟು ಅಳೆದರೂ ಆರನೆಯದು ಸಿಗುವುದಿಲ್ಲ.

ಈ ಬೆಳಕಿನ ಧ್ರುವೀಕರಣದಿಂದ (ಬೆಳಕಿನ ಅಲೆ ಯಾವ ದಿಕ್ಕಿಗೆ ಕಂಪಿಸುತ್ತದೆ ಅನ್ನುವುದರಿಂದ) ಮಾತ್ರ ಸ್ವಲ್ಪ ಹೊಸ ಮಾಹಿತಿ ಸಿಗಬಹುದು. ಜಪಾನ್ ಮುಂದಾಳತ್ವದ ಲೈಟ್‌ಬರ್ಡ್ ಉಪಗ್ರಹದ ಯೋಜನೆ ಅದನ್ನು ಅಳೆಯುವುದಕ್ಕೇ ಇದೆ. ಏನನ್ನು ಹುಡುಕಬೇಕು ಅಂತ ಆ ನಕಾಶೆ ಬರುವ ಮೊದಲೇ ಬರೆದಿಟ್ಟುಕೊಂಡರೆ, ಉತ್ತರವನ್ನು ನಂಬಬಹುದು.